ತಿರುಗಿ ಹೇಳಿದ ಮಾತು

ಸಭಾಭವನದ ಮೂರನೇ ಮಹಡಿಯಲ್ಲಿ, ಶಾಸಕರ ಕೋಣೆಯ ಹೊರಗೆ, ಕಾಯುವವರಿಗೆಂದು ಒಂದು ಮರದ ಬೆಂಚು ಹಾಕಿದ್ದಾರೆ. ಅದನ್ನು ಮಾಡಿದ ಬಡಗಿಗೆ ಕಾಯುವವರ ಮೇಲೆ ಏನು ಸಿಟ್ಟಿತ್ತೋ, ಒರಗುವುದಕ್ಕೆ ಒಂದು ಪಟ್ಟಿಯನ್ನೂ ಹೊಡೆದಿಲ್ಲ. ಗೋಡೆಗೆ ಒರಗೋಣವೆಂದರೆ ಸುಣ್ಣ ಬಟ್ಟೆಗೆ ಹತ್ತುತ್ತದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು, ಮುಖದ ಮೇಲೆ ಒಂದು ನಗು ತಂದುಕೊಂಡು, ಹೊರಗೆ ಬಂದದ್ದು ಕಸದ ಬುಟ್ಟಿ ಹಿಡಿದ ಹೆಂಗಸು ಎಂದು ಗೊತ್ತಾದ ಮೇಲೆ ನಗುವನ್ನೂ ಮೈಯನ್ನೂ ಕೆಳಗಿಳಿಸಿ ಮತ್ತೆ ಕೂರಬೇಕು. ಚುಟುಕಿ ಬೆಳಗ್ಗೆಯಿಂದ ಇದನ್ನೇ ಮಾಡುತ್ತಿದ್ದಳು.

ಅವಳ ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಎಷ್ಟು ದೊಡ್ಡ ಪಾಠ ಕೊಟ್ಟರೂ ನಾಲ್ಕು ಮಾತಿನಲ್ಲಿ ಮುಗಿಸಿಬಿಡುವ ಹುಡುಗಿ ಎಂದು ಕಾಲೇಜಿನಲ್ಲಿ ಯಾರೋ ಚುಟುಕಿ ಎಂದರು, ಅದೇ ಅಂಟಿಕೊಂಡಿತು. ಅವಳ ಪಕ್ಕದಲ್ಲಿ ಕೂತು ಕಾಗದಗಳನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ ಹುಡುಗನಿಗೆ ಅಂಕಿಅಂಶ ಎಂಬ ಹೆಸರು ಬಿದ್ದಿತ್ತು. ನೀರಿನಲ್ಲಿ ಯಾವ ವಿಷ ಎಷ್ಟಿದೆ ಎಂದು ಅವನು ನಿದ್ದೆಯಲ್ಲೂ ಹೇಳುತ್ತಾನೆಂದು ಅವನ ತಂಗಿಯೇ ದೂರು ಕೊಟ್ಟಿದ್ದಳು. ಇಬ್ಬರಿಂದ ಸ್ವಲ್ಪ ದೂರದಲ್ಲಿ, ಕಣ್ಣು ಮುಚ್ಚಿ, ತೂಕಡಿಸುತ್ತಿದ್ದಾರೋ ಯೋಚಿಸುತ್ತಿದ್ದಾರೋ ತಿಳಿಯದ ಹಾಗೆ ಕೂತಿದ್ದವರು ಅವರ ಮೇಷ್ಟ್ರು.

ಚುನಾಯಿತ ಪ್ರತಿನಿಧಿಗಳ ಬಳಿ ಹೋಗಿ ಪರಿಸರದ ಕಾನೂನು ಕೇಳುವುದು ಹೇಗೆ ಎಂದು ಕಲಿಸುವುದು ಮೇಷ್ಟ್ರ ಪಾಠ. ತಲೆ ಪೂರ್ತಿ ಬೆಳ್ಳಗಾಗುವವರೆಗೂ ಅವರು ಅದನ್ನೇ ಕಲಿಸಿದ್ದರು. ಅವರ ಮೇಜಿನ ಮೇಲೆ ಅಂಗೈಯಲ್ಲಿ ಬಡಿಯುವ ಹಿತ್ತಾಳೆಯ ಒಂದು ಗಂಟೆ ಇತ್ತು. ಅಭ್ಯಾಸದ ದಿನ ಅವರೇ ಶಾಸಕರಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಮಾತು ಎರಡು ನಿಮಿಷ ದಾಟಿದರೆ ಠಣ್. ಕೈಕಾಲು ನಡುಗಿದರೆ ಠಣ್. ಅತ್ತರೂ ಠಣ್. ಎಲ್ಲಕ್ಕಿಂತ ಹೆಚ್ಚಾಗಿ ಅವರು ಮಕ್ಕಳ ತಲೆಗೆ ತುಂಬಿದ ಒಂದು ಮಾತಿತ್ತು: ದೊಡ್ಡವರು ಕೊಟ್ಟ ಮಾತು ಗಾಳಿಯಲ್ಲಿ ಹೋಗಲು ಬಿಡಬಾರದು, ಅವರು ಏನು ಹೇಳಿದರೋ ಅದನ್ನು ಅವರೆದುರಿಗೇ ತಿರುಗಿ ಹೇಳಿ, "ಸರಿ ತಾನೇ ಸರ್?" ಎಂದು ಕೇಳಿ, ಧನ್ಯವಾದ ಹೇಳಿ ಎದ್ದುಬಿಡಬೇಕು. ಅಷ್ಟಾದರೆ ಅವರು ನಾಳೆ ನುಣುಚಿಕೊಳ್ಳುವುದು ಕಷ್ಟ. ಚುಟುಕಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಬಸ್ಸಿನ ಕಂಡಕ್ಟರು "ಮುಂದಿನ ಸ್ಟಾಪಲ್ಲಿ ಇಳೀರಿ" ಎಂದರೆ ಅದನ್ನೂ ಒಪ್ಪಿಸಿ ಇಳಿಯುತ್ತಿದ್ದಳು.

ಕಾಲೇಜಿನವರು ಕೇಳುತ್ತಿದ್ದ ಮಸೂದೆ ನದಿಯದು. ನೂಲಿಗೆ ಬಣ್ಣ ಹಾಕುವ ಶೆಡ್ಡುಗಳು ಕೊಳಕು ನೀರನ್ನು ಶುದ್ಧ ಮಾಡದೆ ನದಿ ಸೇರುವ ಕಾಲುವೆಗೆ ಬಿಟ್ಟರೆ, ಶುದ್ಧ ಮಾಡುವ ಯಂತ್ರ ಹಾಕುವ ತನಕ ಬೀಗ ಬೀಳುತ್ತದೆ. ಚುಟುಕಿಯ ಮನೆ ಆ ಕಾಲುವೆಯ ದಂಡೆಯ ಮೇಲೇ ಇತ್ತು. ಹಾಗಾಗಿ ಕಥೆ ಹೇಳುವ ಭಾಗ್ಯ ಅವಳ ಪಾಲಿಗೆ ಬಂತು. ಅಂಗಳದ ಕೈಪಂಪಿನಿಂದ ತಿಳಿಗುಲಾಬಿ ನೀರು ಬರುವುದು, ಬಿಳಿ ಸಮವಸ್ತ್ರ ಒಗೆದರೆ ಅದೂ ಗುಲಾಬಿಯಾಗಿ ಶಾಲೆಯಲ್ಲಿ ಬೈಸಿಕೊಂಡದ್ದು, ಮೈಯೆಲ್ಲ ತುರಿಕೆ ಎದ್ದದ್ದು, ಎಲ್ಲವನ್ನೂ ಅವಳು ಅಭ್ಯಾಸದ ದಿನ ಹೇಳಿದಳು. ಕೊನೆಗೆ, ಅದೇ ಶೆಡ್ಡಿನಲ್ಲಿ ನಮ್ಮಮ್ಮ ನೂಲಿನ ಲಡಿಗಳನ್ನು ತೊಟ್ಟಿಗೆ ಅದ್ದಿ ಹಿಂಡುತ್ತಾಳೆ, ಅವಳ ಉಗುರಿನ ಬಣ್ಣ ಹಬ್ಬಕ್ಕೂ ಹೋಗುವುದಿಲ್ಲ ಎಂದೂ ಹೇಳಿದಳು. ಅಲ್ಲಿಗೆ ಗಂಟೆ ಹೊಡೆಯಿತು.

"ಅಮ್ಮನ್ನ ತೆಗಿ," ಎಂದಿದ್ದರು ಮೇಷ್ಟ್ರು. "ಶೆಡ್ಡು ಮುಚ್ಚಿ ಅಂತ ಕೇಳೋಳು ನೀನು, ಶೆಡ್ಡಲ್ಲಿ ದುಡಿಯೋಳು ನಿಮ್ಮಮ್ಮ. ಕೇಳೋರಿಗೆ ಗೊಂದಲ ಆಗುತ್ತೆ. ಎರಡು ನಿಮಿಷದಲ್ಲಿ ಗೊಂದಲಕ್ಕೆ ಜಾಗ ಇಲ್ಲಮ್ಮ."

ಚುಟುಕಿ ತೆಗೆದಳು. ಮೊದಲು ಅಮ್ಮ "ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು" ಆದಳು. ಆಮೇಲೆ ಹೆಂಗಸೂ ಹೋಗಿ ಬರೀ ಉಗುರು ಉಳಿಯಿತು. ಕಡೆಗೆ ಉಗುರೂ ಹೋಯಿತು. ಎರಡು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತಿದ್ದ ಆ ಕಥೆಯನ್ನು ಈ ವಾರವೆಲ್ಲ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೊತ್ತುಕೊಂಡು ತಿರುಗಿ, ಅದು ತನ್ನದೇ ಮನೆಯ ಕಥೆ ಎಂಬುದೂ ಅವಳಿಗೆ ಮರೆತಂತಾಗಿತ್ತು. ಒಬ್ಬ ಶಾಸಕರು ಕೇಳುತ್ತಲೇ ನಿದ್ದೆ ಹೋದರು. ಇನ್ನೊಬ್ಬರು ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು, ಯಾವ ಮಸೂದೆ ಎಂದು ಕೇಳುವುದನ್ನೇ ಮರೆತರು. ಉಳಿದವರೆಲ್ಲ "ನೋಡೋಣ" ಎಂದರು.

ಮನೆಯಲ್ಲಿ ಮಾತ್ರ ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ದಳು. "ಅಲ್ಲ ಮಗಳೇ, ಶೆಡ್ಡು ಮುಚ್ಚಿದ್ರೆ ನಮ್ಮ ಗತಿ ಏನು?"

"ಒಂಬತ್ತನೇ ಕಲಂ ಇದೆಯಲ್ಲಮ್ಮ. ಮುಚ್ಚಿರೋಷ್ಟು ದಿನ ಮಾಲೀಕರು ಕೂಲಿ ಕೊಡ್ಲೇಬೇಕು. ಅದಿಲ್ದೆ ನಾನು ಈ ಮಸೂದೆ ಹಿಂದೆ ಓಡಾಡ್ತೀನಾ? ಹೆದರ್ಬೇಡ."

ಅಮ್ಮ ಹೆದರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮರುದಿನ ತೊಟ್ಟಿಯ ಬಳಿ ನಿಂತು, ಜೊತೆಯ ಹೆಂಗಸರಿಗೆಲ್ಲ "ನನ್ನ ಮಗಳು ಇದಾಳೆ, ಒಂಬತ್ತನೇ ಕಲಂ ಇದೆ" ಎಂದು ಧೈರ್ಯ ಹೇಳಿಬಂದಿದ್ದಳು. ಅದೇ ಶೆಡ್ಡಿನಲ್ಲಿ ನೂಲು ಒಣಹಾಕುತ್ತಿದ್ದ ಚಿಕ್ಕಮ್ಮ ಮಾತ್ರ ಮೂಗು ಮುರಿದಳು. "ಕಲಂ ಅಂತೆ ಕಲಂ. ನಮ್ಮ ಮಾಲೀಕ ಟೀ ಕೊಡೋಕೇ ಲೋಟ ಅರ್ಧ ಮಾಡ್ತಾನೆ, ಕೂತೋರಿಗೆ ಕೂಲಿ ಕೊಡ್ತಾನಾ?" ಎಂದಳು. ಆದರೂ ಒಂಬತ್ತು ಎಂಬ ಸಂಖ್ಯೆಯನ್ನು ಅವಳೂ ನೆನಪಿಟ್ಟುಕೊಂಡಿದ್ದಳು.

ಇವತ್ತು ಕಾಯುತ್ತಿದ್ದದ್ದು ಮಸೂದೆಯನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರಿಗಾಗಿ. ಅವರು ಹೂಂ ಅಂದರೆ ಮಸೂದೆ ಸದನಕ್ಕೆ ಹೋಗುತ್ತದೆ, ಊಹೂಂ ಅಂದರೆ ಹಿಂದಿನ ವರ್ಷಗಳ ಹಾಗೆ ಕಪಾಟು ಸೇರುತ್ತದೆ. ಮಧ್ಯಾಹ್ನ ಕಳೆದು, ಹೊಟ್ಟೆ ತಾಳ ಹಾಕುವುದನ್ನೂ ಬಿಟ್ಟ ಮೇಲೆ, ಆಪ್ತ ಸಹಾಯಕ ಬಾಗಿಲಲ್ಲಿ ಕಾಣಿಸಿಕೊಂಡ.

"ಯಾರ ಕಡೆಯಿಂದ?"

"ವಿದ್ಯಾರ್ಥಿಗಳ ಕಡೆಯಿಂದ," ಎಂದಳು ಚುಟುಕಿ, ಕಲಿಸಿದ ಹಾಗೆ. ಅವನು ಬರೆದುಕೊಂಡು ಮಕ್ಕಳಿಬ್ಬರನ್ನು ಒಳಗೆ ಬಿಟ್ಟ, ಮೇಷ್ಟ್ರು ಹೊರಗೇ ಉಳಿದರು.

ಅಧ್ಯಕ್ಷರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟು ಬಂದರೆ ಎಚ್ಚರವಾದರೂ ಇರುತ್ತಿತ್ತು. ಅವರು ಕನ್ನಡಕ ತೆಗೆದು, ಮೂಗಿನ ಮೇಲಿನ ಗುರುತು ಉಜ್ಜಿಕೊಂಡು, "ಕೂತ್ಕೊಳ್ಳಿ ಮಕ್ಕಳೇ, ಊಟ ಆಯ್ತಾ?" ಎಂದು ಕೇಳಿದರು. ಇಡೀ ವಾರದಲ್ಲಿ ಆ ಮಾತು ಕೇಳಿದವರು ಅವರೊಬ್ಬರೇ. ಅಂಕಿಅಂಶ ತನ್ನ ವಿಷದ ಪ್ರಮಾಣ ಒಪ್ಪಿಸಿದ. ಚುಟುಕಿ ಕೈಪಂಪನ್ನೂ ಗುಲಾಬಿ ಸಮವಸ್ತ್ರವನ್ನೂ ಹೇಳಿದಳು. ಅಧ್ಯಕ್ಷರು ಪೂರ್ತಿ ಕೇಳಿದರು, ಒಮ್ಮೆಯೂ ಫೋನು ನೋಡಲಿಲ್ಲ.

"ನೋಡಮ್ಮ," ಎಂದರು ಕೊನೆಗೆ, "ನನಗೆ ಅರ್ಥ ಆಗುತ್ತೆ. ನಾನು ಮುಚ್ಚುಮರೆ ಮಾಡಲ್ಲ. ಶೆಡ್ಡಿನ ಮಾಲೀಕರು ಅಡ್ಡ ಕೂತಿರೋದು ಒಂದೇ ಒಂದಕ್ಕೆ, ಆ ಒಂಬತ್ತನೇ ಕಲಂಗೆ. ಅದನ್ನ ಕೈಬಿಟ್ರೆ ಉಳಿದದ್ದಕ್ಕೆ ನಾನು ಬೆಂಬಲ ಕೊಡ್ತೀನಿ, ಸಮಿತಿಯಲ್ಲಿ ಪಾಸು ಮಾಡಿಸ್ತೀನಿ. ನಿಮಗೆ ಬೇಕಾಗಿರೋದು ಒಳ್ಳೆ ನೀರು ತಾನೇ?"

ವಾರವಿಡೀ "ನೋಡೋಣ" ಕೇಳಿ ಕೇಳಿ ಚಿಟ್ಟು ಹಿಡಿದಿದ್ದ ತಲೆಗೆ "ಬೆಂಬಲ ಕೊಡ್ತೀನಿ" ಎಂಬುದು ಬಿದ್ದದ್ದೇ ತಡ, ಚುಟುಕಿಯ ಬಾಯಿ ಅವಳನ್ನು ಕೇಳದೆ ತಾನೇ ತೆರೆದುಕೊಂಡಿತು. ಅಭ್ಯಾಸ ಅಂದರೆ ಅದು. ಬೆನ್ನು ನೆಟ್ಟಗೆ, ಕಣ್ಣು ಅವರ ಕಣ್ಣಿನಲ್ಲಿ, ಮಾತು ಸ್ಪಷ್ಟ.

"ಹಾಗಾದ್ರೆ ಒಂಬತ್ತನೇ ಕಲಂ ಕೈಬಿಟ್ರೆ, ಉಳಿದ ಮಸೂದೆಗೆ ತಾವು ಬೆಂಬಲ ಕೊಟ್ಟು ಸಮಿತಿಯಲ್ಲಿ ಪಾಸು ಮಾಡಿಸ್ತೀರಿ. ಸರಿ ತಾನೇ ಸರ್?"

"ಸರಿ."

"ತುಂಬಾ ಧನ್ಯವಾದ ಸರ್."

ಆಪ್ತ ಸಹಾಯಕ ಬರೆದುಕೊಂಡ. ಅಧ್ಯಕ್ಷರು ಎದ್ದು ನಿಂತು, "ನೀವೂ ಒಪ್ಪಿದ್ದು ಸಂತೋಷ. ದೊಡ್ಡೋರಿಗಿಂತ ನಿಮಗೇ ವಾಸಿ ತಿಳುವಳಿಕೆ ಇದೆ," ಎಂದು ಕೈ ಕುಲುಕಿದರು.

ಹೊರಗೆ ಬಂದು, ಅಧ್ಯಕ್ಷರು ಬೆಂಬಲ ಕೊಡ್ತಾರಂತೆ ಎಂದಾಗ ಮೇಷ್ಟ್ರ ಮುಖ ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರ ಹುಡುಗರಿಗೆ ಇಂಥ ಒಪ್ಪಿಗೆ ಸಿಕ್ಕಿರಲಿಲ್ಲ. ಅವರು ಬೆಂಚಿನ ಮೇಲೆ ಕೂತು, ಚೀಲದಿಂದ ಕರವಸ್ತ್ರ ತೆಗೆದು, ಕಣ್ಣಿಗೇನೋ ಬಿದ್ದಿದೆ ಎಂಬಂತೆ ಒರೆಸಿಕೊಂಡರು. ಮೆಟ್ಟಿಲು ಇಳಿಯುವಾಗ ಅಂಕಿಅಂಶ ಮೆಲ್ಲಗೆ ಕೇಳಿದ, "ಒಂಬತ್ತನೇದು ಕೂಲಿ ಕಲಂ ಅಲ್ವೇನೇ?"

ಚುಟುಕಿ ಅಲ್ಲೇ ನಿಂತಳು. ಹಿಂದೆ ಬರುತ್ತಿದ್ದ ಯಾರೋ ಅವಳಿಗೆ ಡಿಕ್ಕಿ ಹೊಡೆದು ಗೊಣಗಿಕೊಂಡು ಹೋದರು. ತಾನು ಹೇಳಿದ್ದು ತನ್ನ ಕಿವಿಗೆ ಬಿದ್ದದ್ದು ಆಗಲೇ.

"ಸರ್, ನಾನು ಒಪ್ಲಿಲ್ಲ. ಬರೀ ತಿರುಗಿ ಹೇಳಿದೆ ಅಷ್ಟೆ."

ಮೇಷ್ಟ್ರು ಕರವಸ್ತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಅವರಿಗೆ ಎರಡೂ ಒಂದೇ," ಎಂದರು. ಆಮೇಲೆ, ಸೋತ ದನಿಯಲ್ಲಿ, "ಈಗ ವಾಪಸ್ ಹೋಗಿ ಇಲ್ಲ ಅಂದ್ರೆ ಇದೂ ಹೋಗುತ್ತಮ್ಮ. ಮುಕ್ಕಾಲು ಸಿಕ್ಕಿದೆ. ಉಳಿದದ್ದನ್ನ ಮುಂದೆ ಕೇಳೋಣ," ಎಂದರು. ಮುಂದೆ ಕೇಳೋಣ ಎಂಬುದಕ್ಕೂ ನೋಡೋಣ ಎಂಬುದಕ್ಕೂ ಏನು ವ್ಯತ್ಯಾಸ ಎಂದು ಚುಟುಕಿಗೆ ಹೊಳೆಯಲಿಲ್ಲ.

ಮನೆಗೆ ಬಂದು ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅಮ್ಮ "ಏನಾಯ್ತು?" ಎಂದರೆ "ಪರವಾಗಿಲ್ಲ" ಎಂದಳು. ತಲೆನೋವು ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎಷ್ಟೇ ದೊಡ್ಡದನ್ನಾದರೂ ಚಿಕ್ಕದು ಮಾಡುವವಳಿಗೆ ಇದೊಂದನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಯಲಿಲ್ಲ. ನಾಚಿಕೆಯಾಗುತ್ತಿತ್ತು, ನಾಚಿಕೆಗಿಂತ ಹೆಚ್ಚಾಗಿ ಭಯವಾಗುತ್ತಿತ್ತು.

ಮರುದಿನ ಸಂಜೆ ಕೆಲಸದಿಂದ ಬಂದ ಚಿಕ್ಕಮ್ಮ ಚಪ್ಪಲಿಯನ್ನೂ ಬಿಡದೆ ಫೋನನ್ನು ಅಮ್ಮನ ಮುಖಕ್ಕೆ ಹಿಡಿದಳು. ಶೆಡ್ಡಿನಲ್ಲೆಲ್ಲ ಅದೇ ಓಡಾಡುತ್ತಿತ್ತಂತೆ. ಅಧ್ಯಕ್ಷರು ಪತ್ರಕರ್ತರ ಮುಂದೆ ನಿಂತು, ಅದೇ ಸೌಮ್ಯ ದನಿಯಲ್ಲಿ ಹೇಳುತ್ತಿದ್ದರು: "ಒಂಬತ್ತನೇ ಕಲಂ ಬೇಡ ಅಂತ ಬರೀ ಮಾಲೀಕರು ಹೇಳ್ತಿಲ್ಲ. ಕಾಲುವೆ ದಂಡೆಯ ಹುಡುಗಿ, ಗುಲಾಬಿ ನೀರಲ್ಲಿ ಬಟ್ಟೆ ಒಗೆದೋಳು, ಅವಳೇ ನನ್ನ ಕೋಣೆಗೆ ಬಂದು ಒಪ್ಪಿ ಹೋಗಿದಾಳೆ. ಸಮಿತಿಯಲ್ಲೂ ಅದನ್ನೇ ಹೇಳ್ತೀನಿ."

"ಎಷ್ಟು ಹುಡುಗೀರಿದಾರೆ ದಂಡೆಯಲ್ಲಿ ಕಾಲೇಜಿಗೆ ಹೋಗೋರು?" ಎಂದಳು ಚಿಕ್ಕಮ್ಮ. "ನಿನ್ನ ಮಗಳು ಒಬ್ಬಳೇ ಅಲ್ವಾ ಅಕ್ಕ? ಇಡೀ ಶೆಡ್ಡು ನನ್ನ ಮುಖ ನೋಡ್ತು. ನಾನು ಎಲ್ಲಿಗೆ ಹೋಗ್ಲಿ?"

ಚುಟುಕಿ ಎದ್ದು ಕೂತು ಎಲ್ಲವನ್ನೂ ಹೇಳಿದಳು. ಗಂಟೆ, ಎರಡು ನಿಮಿಷ, ತಿರುಗಿ ಹೇಳುವ ರೂಢಿ, ಅಮ್ಮನನ್ನು ಕಥೆಯಿಂದ ತೆಗೆದದ್ದು. ಅಮ್ಮ ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡಿದ್ದಳು ಚುಟುಕಿ. ಅಮ್ಮ ಎರಡನ್ನೂ ಮಾಡಲಿಲ್ಲ. ನಿಂತು ನಿಂತು ಬಾತಿದ್ದ ಕಾಲುಗಳನ್ನು ಚಾಚಿ, ನೀಲಿ ಹತ್ತಿದ ಕೈಯಿಂದ ಮಂಡಿ ಒತ್ತಿಕೊಳ್ಳುತ್ತಾ, "ನನ್ನನ್ನ ತೆಗೆದ್ಯಾ?" ಎಂದಳು.

"ಗೊಂದಲ ಆಗುತ್ತೆ ಅಂದ್ರು ಅಮ್ಮ."

"ಆಗ್ಲಿ ಬಿಡು. ನನಗೂ ಗೊಂದಲವೇ. ಆ ನೀರು ಕೆಡಿಸೋಳೂ ನಾನೇ, ಅದನ್ನ ಕುಡಿಯೋಳೂ ನಾನೇ." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ಚುಟುಕಿಗೆ ಬೈಸಿಕೊಂಡಿದ್ದರೇ ವಾಸಿಯಿತ್ತು ಅನಿಸಿತು.

"ನೀನು ಬಾ ಅಮ್ಮ. ನೀನೇ ಹೇಳು ಅವರಿಗೆ."

"ನಾಳೆ ನೀಲಿ ಆರ್ಡರ್ ಇದೆ. ಒಂದು ದಿನ ತಪ್ಪಿಸಿದ್ರೆ ನನ್ನ ತೊಟ್ಟಿಗೆ ಬೇರೆಯೋಳು ಬರ್ತಾಳೆ, ಆಮೇಲೆ ಯಾವ ಕಲಂ ಬಂದು ನನ್ನ ಕೈ ಹಿಡಿಯುತ್ತೆ?" ಅಮ್ಮ ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ಒಪ್ಪಿ ಬಂದೋಳು ನೀನು. ಇಲ್ಲ ಅಂತ ಹೇಳಬೇಕಾದೋಳೂ ನೀನೇ. ನಾನು ಹೇಳ್ತೀನಿ, ಕೇಳ್ಕೋ."

ಅವಳು ಹೇಳಿದಳು. ಭಾಷಣಗಾರ್ತಿಯೇನೂ ಅಲ್ಲ ಅಮ್ಮ. ಮಧ್ಯೆ ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದಳು, ಹೇಳಿದ್ದನ್ನೇ ಮತ್ತೆ ಹೇಳಿದಳು, ಚಿಕ್ಕಮ್ಮ ನಡುನಡುವೆ ಬಾಯಿ ಹಾಕಿ ಮಾಲೀಕನ ಜನ್ಮ ಜಾಲಾಡಿದಳು. ಗಂಟೆ ಇದ್ದಿದ್ದರೆ ಬಡಿದು ಬಡಿದು ಸೀಳಿಹೋಗುತ್ತಿತ್ತು. ಮುಗಿದ ಮೇಲೆ ಅಮ್ಮ, "ಈಗ ತಿರುಗಿ ಹೇಳು," ಎಂದಳು.

ಚುಟುಕಿ ಹೇಳಿದಳು. ಚೊಕ್ಕವಾಗಿ, ನಾಲ್ಕು ಮಾತಿನಲ್ಲಿ.

"ಅರ್ಧ ಬಿಟ್ಟೆ. ಇನ್ನೊಂದ್ಸಲ ಹೇಳು."

ಎರಡನೇ ಸಲ ಹೇಳುವಾಗ ಅವಳಿಗೆ ಅಳು ಬಂತು. ಅಮ್ಮ ಗಂಟೆ ಹೊಡೆಯಲಿಲ್ಲ, ಕಾದಳು.

ಬೆಳಗ್ಗೆ ಸಭಾಭವನದ ಮೆಟ್ಟಿಲ ಮೇಲೆ ಮೇಷ್ಟ್ರು ನಿಂತಿದ್ದರು. ಅವಳು ಫೋನು ಮಾಡಿದಾಗ "ಬೇಡ" ಎಂದವರು, ಆದರೂ ಬಂದಿದ್ದರು. "ಒಪ್ಪಿಗೆ ಹೋಗುತ್ತೆ, ಗೊತ್ತಲ್ಲ?" ಎಂದರು. "ಗೊತ್ತು ಸರ್," ಎಂದಳು. ಇಬ್ಬರೂ ಮೂರನೇ ಮಹಡಿ ಹತ್ತಿದರು. ಬೆಂಚಿನ ಮೇಲೆ ಕೂತ ಮೇಲೆ ಅವರೇ, "ಅಮ್ಮನ್ನ ತೆಗಿ ಅಂದಿದ್ದು ನಾನು," ಎಂದು ತಮ್ಮ ಚಪ್ಪಲಿ ನೋಡಿಕೊಂಡು ಹೇಳಿದರು.

ಬಾಗಿಲು ತೆರೆದು ಆಪ್ತ ಸಹಾಯಕ ಹೊರಗೆ ಬಂದ. "ಮತ್ತೆ ಬಂದ್ರಾ? ಯಾರ ಕಡೆಯಿಂದ ಅಂತ ಬರ್ಕೊಳ್ಳಲಿ? ವಿದ್ಯಾರ್ಥಿಗಳ ಕಡೆಯಿಂದ ತಾನೇ?"

"ಅಲ್ಲ. ನಮ್ಮಮ್ಮನ ಕಡೆಯಿಂದ."

ಅವನು ಪೆನ್ನು ಎತ್ತಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ. ಇವಳು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹಾಗೆಯೇ ಬರೆದುಕೊಂಡ.

ಅಧ್ಯಕ್ಷರು ಈ ಸಲವೂ ಊಟ ಆಯಿತಾ ಎಂದು ಕೇಳಿದರು. ಚುಟುಕಿ ಕೂರಲಿಲ್ಲ. "ಸರ್, ನಮ್ಮಮ್ಮ ಅದೇ ಶೆಡ್ಡಲ್ಲಿ ಕೆಲಸ ಮಾಡ್ತಾಳೆ. ಮೊನ್ನೆ ನಾನು ಅದನ್ನ ಹೇಳ್ಲಿಲ್ಲ," ಎಂದು ಶುರು ಮಾಡಿದಳು. ಕಟ್ಟುನಿಟ್ಟಾದ ಎರಡು ನಿಮಿಷದ ಮಾತಲ್ಲ ಅದು. ಅಲ್ಲಲ್ಲಿ ತಡವರಿಸಿತು, ಹಿಂದೆ ಹೋಯಿತು, ಮಾಲೀಕನ ಅರ್ಧ ಲೋಟದ ಟೀಯೂ ಅದರೊಳಗೆ ಬಂತು. ಬಾತ ಕಾಲು, ನೀಲಿ ಕೈ, ಕೆಡಿಸುವವಳೂ ಕುಡಿಯುವವಳೂ ಒಬ್ಬಳೇ ಎಂಬುದು, ಎಲ್ಲವೂ ಬಂತು. ಒಂಬತ್ತನೇ ಕಲಂ ಇಲ್ಲದೆ ತನ್ನ ಒಪ್ಪಿಗೆ ಇಲ್ಲ, ತನ್ನ ಹೆಸರು ಹೇಳಿ ಅದನ್ನು ತೆಗೆಯಬಾರದು ಎಂದು ಮುಗಿಸಿದಳು.

ಅಧ್ಯಕ್ಷರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. ಅವರಿಗೂ ಸುಸ್ತಾದಂತಿತ್ತು. "ಅಮ್ಮಾ, ನೀನು ಹೇಳೋದು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಆ ಕಲಂ ಇದ್ರೆ ನನ್ನ ಕೈಲಿ ಆಗಲ್ಲ. ಇಡೀ ಮಸೂದೆಗೇ ನನ್ನ ಬೆಂಬಲ ಇರಲ್ಲ. ಯೋಚನೆ ಮಾಡು. ನೀರೂ ಹೋಗುತ್ತೆ."

ಗೋಡೆ ಹತ್ತಿರವಿದ್ದಿದ್ದರೆ ಚುಟುಕಿ ಸುಣ್ಣ ಹತ್ತಿದರೂ ಒರಗಿಬಿಡುತ್ತಿದ್ದಳು.

"ಒಂಬತ್ತನೇ ಕಲಂ ಇದ್ರೆ ಮಸೂದೆಗೆ ತಮ್ಮ ಬೆಂಬಲ ಇಲ್ಲ," ಎಂದಳು. "ಅದು ಇಲ್ದಿದ್ರೆ ನಮ್ಮ ಒಪ್ಪಿಗೆ ಇಲ್ಲ. ಸರಿ ತಾನೇ ಸರ್?"

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ," ಎಂದರು ಆಮೇಲೆ. ಆಪ್ತ ಸಹಾಯಕ ಎರಡನ್ನೂ ಬರೆದುಕೊಂಡ. ಚುಟುಕಿ ಧನ್ಯವಾದ ಹೇಳುವುದನ್ನು ಮರೆತು ಹೊರಗೆ ಬಂದಳು.

ಸಂಜೆ ಅಮ್ಮ ಶೆಡ್ಡಿನಿಂದ ಬರುವಾಗ ಅವಳು ಹೊಸ್ತಿಲಲ್ಲೇ ಕೂತಿದ್ದಳು. ಅಮ್ಮನ ಹಿಂದೆಯೇ ಚಿಕ್ಕಮ್ಮ.

"ಏನಂದ್ರು?"

"ಇಲ್ಲ ಅಂದ್ರು. ಮಸೂದೆ ಮತ್ತೆ ಕಪಾಟಿಗೆ."

"ನೀನು?"

"ನಾನೂ ಇಲ್ಲ ಅಂದೆ."

ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಆ ಕೈಯನ್ನೇ ಊರಿಕೊಂಡು ಹೊಸ್ತಿಲು ದಾಟಿದಳು. "ಬೆಳಗ್ಗೆಯಿಂದ ಏನೂ ತಿಂದಿರಲ್ಲ ನೀನು. ಕೈ ತೊಳ್ಕೊಂಡು ಬಾ, ಬಡಿಸ್ತೀನಿ," ಎಂದಳು ಒಳಗಿನಿಂದ.

ಚುಟುಕಿ ಅಂಗಳಕ್ಕೆ ಹೋಗಿ ಪಂಪು ಒತ್ತಿದಳು. ಮೊದಲು ಗಾಳಿ ಬಂತು, ಆಮೇಲೆ ನೀರು ಬಂತು, ಎಂದಿನ ತಿಳಿಗುಲಾಬಿ. ಅವಳು ಅದರಲ್ಲೇ ಕೈ ತೊಳೆದುಕೊಂಡು ಊಟಕ್ಕೆ ಕೂತಳು.